ನಿಲ್ಲುವ ದುಡಿಮೆ ಮತ್ತು ಕೂರುವ ಹಕ್ಕು: ಜವಳಿ ಅಂಗಡಿಯ ಕೆಲಸಗಾರ್ತಿಯರ ಆರೋಗ್ಯ ಕುರಿತು

ಜೆರ್ರಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಸಾರಿಗೆ ನೌಕರರ ಬಗ್ಗೆ ನಡೆಸಿದ ಅಧ್ಯಯನವೊಂದು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕೂತು ಬಸ್ಸು ಓಡಿಸುವ ಚಾಲಕರಿಗಿಂತ ನಿರ್ವಾಹಕರಲ್ಲಿ ಹೃದ್ರೋಗ ಕಡಿಮೆ ಎಂದು ಅದು ತೋರಿಸಿತು. ಕೂರುವುದೇ ಕೆಡುಕು, ನಿಂತು ದುಡಿಯುವುದು ಮೈಗೆ ಒಳ್ಳೆಯದು ಎಂಬ ನಂಬಿಕೆಗೆ ಇಂಥ ಫಲಿತಾಂಶಗಳು ಇಂಬು ಕೊಟ್ಟಿವೆ. ಆದರೆ ಆ ನಿರ್ವಾಹಕರು ಟಿಕೆಟ್ ಕೊಡಲು ಡಬಲ್ ಡೆಕ್ಕರ್ ಬಸ್ಸಿನ ಮೆಟ್ಟಿಲುಗಳನ್ನು ದಿನವಿಡೀ ಹತ್ತಿ ಇಳಿಯುತ್ತಿದ್ದರು. ಅವರನ್ನು ಕಾಪಾಡಿದ್ದು ಚಲನೆ. ಸೀರೆ ಮಳಿಗೆಯ ಕೌಂಟರಿನ ಹಿಂದೆ ನಾಲ್ಕಡಿ ಜಾಗದಲ್ಲಿ ನಿಂತಿರುವ ಹೆಣ್ಣುಮಗಳ ಸ್ಥಿತಿಗೆ ಆ ಪುರಾವೆಯನ್ನು ಅನ್ವಯಿಸಲಾಗದು.

ಇದರ ಕಾರಣ ದೇಹದ ರಚನೆಯಲ್ಲೇ ಇದೆ. ಕಾಲಿನ ರಕ್ತ ಹೃದಯಕ್ಕೆ ಮರಳಬೇಕಾದರೆ ಮೀನಖಂಡದ ಸ್ನಾಯುಗಳು ಹಿಗ್ಗಿ ಕುಗ್ಗುತ್ತ ಅಭಿಧಮನಿಗಳನ್ನು ಹಿಂಡಬೇಕು. ನಡೆಯುವಾಗ ಇದು ತಾನಾಗಿ ಆಗುತ್ತದೆ. ಅಲುಗಾಡದೆ ನಿಂತಾಗ ಆಗುವುದಿಲ್ಲ. ಆಗ ಪಾದದ ಅಭಿಧಮನಿಗಳ ಒತ್ತಡ ಪಾದರಸದ 80-90 ಮಿಲಿಮೀಟರಿನಷ್ಟಿರುತ್ತದೆ. ನಡೆಯತೊಡಗಿದರೆ ಆರೋಗ್ಯವಂತರಲ್ಲಿ ಅದು ಸುಮಾರು ಮೂರನೇ ಒಂದಕ್ಕೆ ಇಳಿಯುತ್ತದೆ. ವರ್ಷಗಟ್ಟಲೆ ಈ ಒತ್ತಡ ತಾಳಿದ ರಕ್ತನಾಳಗಳು ಉಬ್ಬುತ್ತವೆ, ಪಾದ ಊದುತ್ತದೆ, ಸೊಂಟ ಹಿಡಿಯುತ್ತದೆ. ಕೆನಡಾದ ಒಂಟಾರಿಯೊದಲ್ಲಿ ಸುಮಾರು 7,300 ಕಾರ್ಮಿಕರನ್ನು 12 ವರ್ಷಗಳ ಕಾಲ ಗಮನಿಸಿದ ಅಧ್ಯಯನದಲ್ಲಿ, ಬಹುಪಾಲು ನಿಂತೇ ಮಾಡುವ ವೃತ್ತಿಯವರ ಹೃದ್ರೋಗದ ಅಪಾಯ ಕೂತು ದುಡಿಯುವವರದಕ್ಕಿಂತ ಸುಮಾರು ಇಮ್ಮಡಿಯಿತ್ತು. ಕೂರುವುದು, ನಿಲ್ಲುವುದು, ನಡೆಯುವುದು ಮೂರೂ ಬೆರೆತ ವೃತ್ತಿಗಳಲ್ಲಿದ್ದ ಗಂಡಸರಿಗೆ ಆ ಅಪಾಯ ಕಡಿಮೆಯಿತ್ತು ಎಂಬುದು ನನ್ನ ವಾದಕ್ಕೆ ಇನ್ನೂ ಮುಖ್ಯ. ಭಂಗಿ ಬದಲಿಸುವ ಸ್ವಾತಂತ್ರ್ಯವೇ ಇಲ್ಲಿ ಔಷಧಿ, ಆ ಸ್ವಾತಂತ್ರ್ಯ ಮಾಲೀಕರ ಕೈಯಲ್ಲಿದೆ.

ಹಿತವಾದ ಚಪ್ಪಲಿ, ಬಿಗಿ ಕಾಲುಚೀಲ, ಮನೆಯಲ್ಲಿ ವ್ಯಾಯಾಮ ಸಾಲದೇ ಎಂದು ಕೇಳಬಹುದು. ಅವು ಉಪಯುಕ್ತವೇ. ಆದರೆ ಶೌಚಾಲಯಕ್ಕೆ ಹೋಗಲು ಮೇಲ್ವಿಚಾರಕರ ಅಪ್ಪಣೆ ಬೇಕಿರುವ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಅದರಿಂದ ಮೂತ್ರದ ಸೋಂಕು ತಗಲುತ್ತದೆ. ಇದನ್ನು ಯಾವ ಕಾಲುಚೀಲ ತಡೆದೀತು? ಕೋಳಿಕ್ಕೋಡಿನ ಮಿಠಾಯಿ ಬೀದಿಯ ಕೆಲಸಗಾರ್ತಿಯರು ಪಿ. ವಿಜಿ ಅವರ ಮುಂದಾಳತ್ವದಲ್ಲಿ ‘ಪೆಣ್‌ಕೂಟ್ಟ್’ ಎಂಬ ಸಂಘಟನೆ ಕಟ್ಟಿಕೊಂಡು ಮೊದಲು ಹೋರಾಡಿದ್ದು ಶೌಚಾಲಯಕ್ಕಾಗಿ, ಆಮೇಲೆ ಕೂರುವ ಹಕ್ಕಿಗಾಗಿ. ಅದರ ಫಲವಾಗಿ 2018ರಲ್ಲಿ ಕೇರಳ ಅಂಗಡಿಗಳ ಕಾನೂನನ್ನು ತಿದ್ದಿತು. 2021ರಲ್ಲಿ ತಮಿಳುನಾಡೂ ತಿದ್ದಿತು. ಇದು ಹೊಸ ಲೋಕದ ಕಲ್ಪನೆಯೇನೂ ಅಲ್ಲ: ಅಂಗಡಿಯ ಹೆಣ್ಣಾಳುಗಳಿಗೆ ಆಸನ ಕೊಡಬೇಕೆಂದು ಬ್ರಿಟನ್ 1899ರಲ್ಲೇ ಶಾಸನ ಮಾಡಿತ್ತು, ಕಾರ್ಖಾನೆಗಳಲ್ಲಿ ನಿಂತು ದುಡಿಯುವವರಿಗೆ ಕೂರುವ ಏರ್ಪಾಡಿರಬೇಕೆಂದು ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ಹೇಳಿತ್ತು.

ವ್ಯಾಪಾರಿಗಳ ಆಕ್ಷೇಪವೂ ಗಂಭೀರವಾದದ್ದೇ: ಕೂತವರನ್ನು ಕಂಡರೆ ಗಿರಾಕಿಗೆ ಅಸಡ್ಡೆ ಎನಿಸುತ್ತದೆ ಎನ್ನುತ್ತಾರೆ. ಆದರೆ ನಮ್ಮ ಹಳೆಯ ಜವಳಿ ಅಂಗಡಿಗಳಲ್ಲಿ ಮಾರುವವರೂ ಕೊಳ್ಳುವವರೂ ಗಾದಿಯ ಮೇಲೆ ಕೂತೇ ಸೀರೆ ಬಿಡಿಸಿ ನೋಡುತ್ತಿದ್ದರು. ಅದನ್ನು ಯಾರೂ ಅಗೌರವವೆಂದು ತಿಳಿದಿರಲಿಲ್ಲ. ಬ್ಯಾಂಕಿನ ಕ್ಯಾಷಿಯರ್ ಇಂದಿಗೂ ಕೂತೇ ಹಣ ಎಣಿಸುತ್ತಾರೆ. ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲೂ ನಿಲ್ಲಿಸಿಯೇ ಇಡುವುದರಿಂದ ಯಾವ ಸೇವೆಯೂ ನಡೆಯುವುದಿಲ್ಲ.

ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಐದು ಗಂಟೆ ದುಡಿದವರಿಗೆ ಒಂದು ಗಂಟೆಯ ಬಿಡುವು ಕೊಡುತ್ತದೆ. ರಕ್ತನಾಳದ ಮೇಲಿನ ಭಾರ ಕೂಡುತ್ತ ಹೋಗುವುದು ಆ ಐದು ಗಂಟೆಗಳಲ್ಲೇ. ಬಿಡುವಿನ ಒಂದು ಗಂಟೆ ಅದನ್ನು ತಡೆಯಲಾರದು. ಆದ್ದರಿಂದ ಕಾರ್ಮಿಕ ನಿರೀಕ್ಷಕರು ಹಾಜರಿ ಪುಸ್ತಕ ನೋಡುವಾಗ ಕೌಂಟರಿನ ಹಿಂದೆ ಸ್ಟೂಲು ಇದೆಯೇ, ಅದರ ಮೇಲೆ ಕೂತವರಿಗೆ ದಂಡ ಬೀಳುತ್ತಿದೆಯೇ ಎಂಬುದನ್ನೂ ನೋಡಬೇಕು, ಕೆಲಸಗಾರ್ತಿಯರನ್ನೇ ಕೇಳಿ ದಾಖಲಿಸಬೇಕು.