ಗುಬ್ಬಿಯಿಂದ ಬೆಂಗಳೂರಿಗೆ: ಧರ್ಮಪ್ರವರ್ತ ತೋಟದಪ್ಪನವರು

ಹುಟ್ಟಿದೂರನ್ನು ಬಿಟ್ಟು ಮಹಾನಗರವನ್ನು ಸೇರಿ ಐಶ್ವರ್ಯವಂತರಾದವರು ಲೋಕದಲ್ಲಿ ಅನೇಕರುಂಟು. ತಮ್ಮ ಬಳಿಕ ಅದೇ ನಗರಕ್ಕೆ ಬರತಕ್ಕವರ ಕಷ್ಟವನ್ನು ನೆನೆದು, ಗಳಿಸಿದುದನ್ನು ಅವರಿಗಾಗಿಯೇ ಮೀಸಲಿಟ್ಟವರಾದರೋ ವಿರಳ. ಅಂತಹ ವಿರಳರಲ್ಲಿ ಗುಬ್ಬಿಯ ತೋಟದಪ್ಪನವರು ಅಗ್ರಗಣ್ಯರು.

ಗುಬ್ಬಿಯು ತುಮಕೂರಿಗೆ ಪಶ್ಚಿಮದಲ್ಲಿ ಸುಮಾರು 12 ಮೈಲಿ ದೂರದಲ್ಲಿರುವ ಊರು. ಗೋಸಲ ಚನ್ನಬಸವೇಶ್ವರರ ಸನ್ನಿಧಿಯಿಂದಲೂ, ಹದಿನಾರನೆಯ ಶತಮಾನದಲ್ಲಿ ವೀರಶೈವಾಮೃತ ಪುರಾಣವನ್ನು ರಚಿಸಿದ ಮಲ್ಲಣಾರ್ಯನ ಹೆಸರಿನಿಂದಲೂ ಅದು ಶಿವಭಕ್ತರಿಗೆ ಚಿರಪರಿಚಿತವಾದುದು. ಅಲ್ಲಿಯ ಸಂತೆಯೂ ಹಿಂದಿನಿಂದ ಹೆಸರಾದುದೇ. ಈ ಊರಿನ ಲಿಂಗಾಯತ ಮನೆತನವೊಂದರಲ್ಲಿ ಕ್ರಿ. ಶ. 1838ರಲ್ಲಿ ತೋಟದಪ್ಪನವರು ಜನಿಸಿದರು. ಮುಂದೆ ಅವರ ಕುಟುಂಬವು ಗುಬ್ಬಿಯನ್ನು ಬಿಟ್ಟು ಬೆಂಗಳೂರನ್ನು ಸೇರಿ, ಮಾಮೂಲುಪೇಟೆಯಲ್ಲಿ ವ್ಯಾಪಾರಕ್ಕೆ ತೊಡಗಿತು.

1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರು ಪೇಟೆಯು ಕಸುಬಿಗೊಂದು ಬೀದಿಯಾಗಿ ಬೆಳೆದುದು. ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ, ಅರಳೆಪೇಟೆ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಇಂತಹ ಪೇಟೆಯಲ್ಲಿ ಪರಸ್ಥಳದಿಂದ ಬಂದ ವರ್ತಕನಿಗೆ ಬಂಡವಾಳಕ್ಕಿಂತ ಮೊದಲು ಬೇಕಾದುದು ನಂಬಿಕೆ. ಹುಟ್ಟಿದೂರಿನಲ್ಲಿ ತಂದೆತಾತಂದಿರ ಹೆಸರೇ ಜಾಮೀನು. ಹೊಸ ಊರಿನಲ್ಲಿ ಮಾತಿನ ಸತ್ಯ, ತೂಕದ ಸತ್ಯ ಇವೆರಡೇ ಜಾಮೀನು. ಅದನ್ನು ಒದಗಿಸಿ ನಿಂತವರಲ್ಲಿ ತೋಟದಪ್ಪನವರೂ ಒಬ್ಬರು.

ಅವರ ಆಯುಷ್ಯದಲ್ಲಿಯೇ ಮೈಸೂರು ಸೀಮೆಯ ಸಂಚಾರಕ್ರಮವು ಸಂಪೂರ್ಣವಾಗಿ ಬದಲಾಯಿತು. ಜೋಲಾರಪೇಟೆಯಿಂದ ಬೆಂಗಳೂರಿಗೆ 1864ರಲ್ಲಿ ರೈಲುಮಾರ್ಗವು ಬಂದಿತು. 1882ರಲ್ಲಿ ಅದು ಮೈಸೂರನ್ನು ಮುಟ್ಟಿತು. 1884ರಲ್ಲಿ ತುಮಕೂರಿಗೂ ರೈಲು ಓಡಿತು. ಎತ್ತಿನ ಬಂಡಿಯಲ್ಲಿ ದಿನಗಟ್ಟಲೆ ನಡೆಯುತ್ತಿದ್ದ ಪ್ರಯಾಣವು ಕೆಲವು ಗಂಟೆಗಳ ಮಾತಾಯಿತು. ಕಚೇರಿಯ ಕೆಲಸಕ್ಕೆ ಬರುವ ರೈತರು, ಸರಕಿಗಾಗಿ ಬರುವ ವರ್ತಕರು, ವಿದ್ಯೆಯನ್ನರಸಿ ಬರುವ ಬಾಲಕರು ಬೆಂಗಳೂರಿನ ನಿಲ್ದಾಣದಲ್ಲಿ ಇಳಿಯತೊಡಗಿದರು. ನಗರದಲ್ಲಿ ನೆಂಟರುಳ್ಳವರಿಗೆ ಚಿಂತೆಯಿಲ್ಲ. ಯಾರೂ ಇಲ್ಲದವರು ಗಂಟುಮೂಟೆಯೊಡನೆ ಎಲ್ಲಿ ತಂಗಬೇಕು? ಸ್ನಾನ ಲಿಂಗಪೂಜೆಗಳಾಗದೆ ಪ್ರಸಾದವನ್ನು ಸ್ವೀಕರಿಸದ ಆಚಾರವಂತರಿಗಂತೂ ಶುಚಿಯಾದ ನೀರು, ಶುಚಿಯಾದ ತಾಣ ಇವೇ ಮೊದಲ ಅಗತ್ಯಗಳಾಗಿದ್ದುವು.

ತೋಟದಪ್ಪನವರ ಔದಾರ್ಯವು ಈ ಸ್ಥಳದಲ್ಲಿಯೇ ಫಲಿಸಿತು. ಸಂತಾನವಿಲ್ಲದ ಅವರು ತಮ್ಮ ಸಂಪತ್ತನ್ನು ಧರ್ಮಕ್ಕೆ ಬಿಡಲು ನಿಶ್ಚಯಿಸಿ, 1897ರಲ್ಲಿ ರೈಲು ನಿಲ್ದಾಣದ ಬಳಿಯಲ್ಲಿಯೇ ನಿವೇಶನವನ್ನು ಕೊಂಡರು. ಮರುವರ್ಷ, ಎಂದರೆ 1898ರಲ್ಲಿ, ಬೆಂಗಳೂರಿಗೆ ಪ್ಲೇಗು ಮಾರಿಯು ಬಂದಿತು. ಜನರು ಮನೆಮಾರುಗಳನ್ನು ಬಿಟ್ಟು ಓಡಿದರು. ಹೊರಗಿನಿಂದ ಬಂದವರನ್ನು ಶಂಕೆಯಿಂದ ನೋಡುವ ಕಾಲವದು. ಆ ದುಷ್ಕಾಲವನ್ನು ದಾಟಿ, ಬಂದವರಿಗೆ ಬಾಗಿಲು ತೆರೆಯುವ ಧರ್ಮಛತ್ರವು ಸಿದ್ಧವಾಯಿತು. 1903ರಲ್ಲಿ ಶ್ರೀಮನ್ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರವರು ಅದರ ಪ್ರಾರಂಭೋತ್ಸವವನ್ನು ನೆರವೇರಿಸಿದರು.

ಪ್ರಯಾಣಿಕನ ಕಷ್ಟವು ಒಂದೆರಡು ರಾತ್ರಿಗಳದು. ಬಡ ವಿದ್ಯಾರ್ಥಿಯ ಕಷ್ಟವು ವರ್ಷಗಟ್ಟಲೆಯದು. ಇದನ್ನರಿತ ತೋಟದಪ್ಪನವರು ಛತ್ರದೊಡನೆ ವಿದ್ಯಾರ್ಥಿನಿಲಯಕ್ಕೂ ಏರ್ಪಾಡು ಮಾಡಿದರು. ದಾತನು ಕಣ್ಮರೆಯಾದೊಡನೆ ದಾನವೂ ಕ್ಷಯಿಸುವ ಉದಾಹರಣೆಗಳು ಬೇಕಾದಷ್ಟಿವೆ. ಹಾಗಾಗದಂತೆ ಅವರು ತಮ್ಮ ಆಸ್ತಿಯನ್ನು ಧರ್ಮಸಂಸ್ಥೆಗೆ ಒಪ್ಪಿಸಿ, ಅದರ ಅಧ್ಯಕ್ಷತೆಯನ್ನು ಕೆ. ಪಿ. ಪುಟ್ಟಣ್ಣಚೆಟ್ಟರಿಗೆ ವಹಿಸಿದರು. ಬೆಂಗಳೂರಿನ ಪುರಭವನಕ್ಕೆ ಹೆಸರಿತ್ತ ಮಹನೀಯರು ಇವರೇ. ಮೈಸೂರು ಅರಮನೆಯಿಂದ ‘ಧರ್ಮಪ್ರವರ್ತ’ ಎಂಬ ಬಿರುದೂ, ಬ್ರಿಟಿಷ್ ಸರ್ಕಾರದಿಂದ ‘ರಾವ್ ಬಹದ್ದೂರ್’ ಎಂಬ ಪದವಿಯೂ ತೋಟದಪ್ಪನವರಿಗೆ ಸಂದುವು. 1910ರಲ್ಲಿ ಅವರು ಲಿಂಗೈಕ್ಯರಾದರು.

ಶರಣರು ದಾಸೋಹವೆಂದು ಕರೆದುದು ಉಳಿದುದನ್ನು ಎಸೆಯುವ ದಾನವನ್ನಲ್ಲ. ಬಂದವನನ್ನು ಜಂಗಮನೆಂದು ಭಾವಿಸಿ ಎದುರುಗೊಳ್ಳುವ ಕ್ರಿಯೆಯನ್ನು. ಊರು ಬಿಟ್ಟು ಬಂದವನಿಗೆ ನಗರವು ಕಠಿನವಾಗಿ ತೋರುವುದು ಮೊದಲ ರಾತ್ರಿಯಲ್ಲಿ. ಆ ರಾತ್ರಿಗೆ ಒಂದು ಸೂರು, ಒಂದು ಬಿಂದಿಗೆ ನೀರು, ‘ಬನ್ನಿ’ ಎಂಬ ಒಂದು ಮಾತು ದೊರೆತರೆ ಮುಂದಿನ ದಾರಿಯನ್ನು ಅವನೇ ಕಂಡುಕೊಳ್ಳಬಲ್ಲನು. ತೋಟದಪ್ಪನವರು ತಮ್ಮ ಧರ್ಮವನ್ನು ರೈಲು ನಿಲ್ದಾಣದ ಮಗ್ಗುಲಲ್ಲಿಯೇ ನೆಲೆಗೊಳಿಸಿದುದರ ಹಿರಿಮೆಯಿರುವುದು ಇಲ್ಲಿಯೇ.

ಧರ್ಮಾಂಬುಧಿ ಕೆರೆಯು ಬತ್ತಿ, ಅದರ ಅಂಗಳದಲ್ಲಿ ಕೆಂಪೇಗೌಡ ಬಸ್ ನಿಲ್ದಾಣವು ಎದ್ದಿದೆ. ಅದರ ಸಮೀಪದ ಒಂದು ರಸ್ತೆಯು ಇಂದಿಗೂ ಗುಬ್ಬಿ ತೋಟದಪ್ಪನವರ ಹೆಸರಿನದು. ಬಾಲ್ಯದ ಊರನ್ನು ಬಿಟ್ಟವರ ಹೆಸರಿನಿಂದ ಆ ಊರು ಬಿಟ್ಟುಹೋಗಲಿಲ್ಲ; ಸಣ್ಣ ಊರೊಂದರ ಹೆಸರು ಮಹಾನಗರದ ಹೆಬ್ಬಾಗಿಲಲ್ಲಿ ನಿಂತು, ಬರುವವರನ್ನು ಎದುರುಗೊಳ್ಳುತ್ತಿದೆ. ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಊರು ಬಿಡುವ ಶಿವಭಕ್ತರ ಮಕ್ಕಳು ಈ ಚರಿತ್ರೆಯನ್ನು ಮನದಲ್ಲಿರಿಸಿಕೊಂಡು, ತಾವು ನೆಲೆನಿಂತ ದಿನ ತಮ್ಮ ಹಿಂದೆ ಬರುವವರಿಗೆ ಬಾಗಿಲು ತೆರೆಯುವಂತಾಗಲಿ.