ಕೈಬಣ್ಣದ ಮೀನಿನ ಚಿತ್ರಗಳು: ಕಡಲಿನಿಂದ ಭೀಮೆಯವರೆಗೆ

ನೀರಿನಿಂದ ತೆಗೆದ ಮೀನಿನ ಬಣ್ಣ ಬೇಗ ಮಾಸುತ್ತದೆ. ಮದ್ಯಸಾರದಲ್ಲಿ ಮುಳುಗಿಸಿಟ್ಟರೆ ದೇಹ ಉಳಿದೀತು, ಬಣ್ಣ ಉಳಿಯದು. ಛಾಯಾಚಿತ್ರ ಬರುವ ಮುನ್ನ, ದೂರದ ಕಡಲಿನ ಮೀನು ಜೀವಂತವಾಗಿದ್ದಾಗ ಹೇಗಿತ್ತೆಂದು ತೋರಿಸಲು ಕೈಯಿಂದ ಬರೆದ ಚಿತ್ರವನ್ನೇ ನೆಚ್ಚಬೇಕಿತ್ತು. 18ನೇ ಶತಮಾನದಲ್ಲಿ ಅಂಥ ಚಿತ್ರಗಳು ತಾಮ್ರದ ತಗಡಿನ ಮೂಲಕ ಪುಸ್ತಕ ಸೇರಿದವು.

ಚಿತ್ರಕಾರ ಬರೆದ ಮೀನನ್ನು ಕೆತ್ತನೆಗಾರ ಚೂಪಾದ ಉಳಿಯಿಂದ ತಗಡಿನ ಮೇಲೆ ಗೀರುತ್ತಿದ್ದ. ಹುರುಪೆಯ ಸಾಲು, ರೆಕ್ಕೆಯ ಮುಳ್ಳು, ಕಿವಿರಿನ ಅಂಚು ಎಲ್ಲವೂ ಗೆರೆಯಲ್ಲೇ ಮೂಡಬೇಕು. ಗೀರುಗಳಿಗೆ ಮಸಿ ತುಂಬಿ, ಮೇಲ್ಮೈ ಒರೆಸಿ, ತೇವದ ಕಾಗದ ಹಾಸಿ ಯಂತ್ರದಲ್ಲಿ ಒತ್ತಿದರೆ ಎಡಬಲ ತಿರುಗಿದ ಕಪ್ಪು ಗೆರೆಯ ಮೀನು ಕಾಗದಕ್ಕೆ ಇಳಿಯುತ್ತಿತ್ತು. ಬಣ್ಣದ ಸರದಿ ಆಮೇಲಿನದು. ಮಾದರಿ ಹಾಳೆಯನ್ನು ಎದುರಿಗಿಟ್ಟುಕೊಂಡು ಒಂದೊಂದು ಪ್ರತಿಗೂ ಕುಂಚದಿಂದ ಜಲವರ್ಣ ಹಚ್ಚುತ್ತಿದ್ದರು. ಹಾಗಾಗಿ ಒಂದೇ ಪುಸ್ತಕದ ಎರಡು ಪ್ರತಿಗಳಲ್ಲಿ ಬಣ್ಣ ತದ್ವತ್ ಒಂದೇ ಆಗಿರುವುದಿಲ್ಲ.

ಮೊದಲ ಪ್ರಯತ್ನಗಳಲ್ಲಿ ಕಲ್ಪನೆಯೇ ಹೆಚ್ಚು. 1719ರ ಸುಮಾರಿಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ ಲೂಯಿ ರೆನಾರ್ ಪ್ರಕಟಿಸಿದ ಪೂರ್ವ ದ್ವೀಪಗಳ ಮೀನುಗಳ ಪುಸ್ತಕ ಕಣ್ಣಿಗೆ ಹಬ್ಬ. ಆದರೆ ಅದರಲ್ಲಿ ಮತ್ಸ್ಯಕನ್ಯೆಯೂ ಇದ್ದಾಳೆ! ಶಾಸ್ತ್ರಕ್ಕೆ ಒದಗುವ ಕೆಲಸ ಮಾಡಿದವನು ಬರ್ಲಿನ್ನಿನ ವೈದ್ಯ ಮಾರ್ಕುಸ್ ಎಲೀಸರ್ ಬ್ಲೋಖ್. 1782ರಿಂದ 1795ರವರೆಗೆ ಅವನು 432 ಬಣ್ಣದ ಫಲಕಗಳನ್ನು ಹೊರತಂದ. ಹುರುಪೆಯ ಹೊಳಪು ಕಾಣಲೆಂದು ಬೆಳ್ಳಿ, ಚಿನ್ನ, ಕಂಚಿನ ಲೇಪವನ್ನೂ ಹಚ್ಚಿಸಿದ. ಕೋರಮಂಡಲ ತೀರದ ತರಂಗಂಬಾಡಿಯಲ್ಲಿದ್ದ ಪಾದ್ರಿಗಳು ಅವನಿಗೆ ಮೀನು ಕಳಿಸುತ್ತಿದ್ದರು. ಕರಾವಳಿಯ ಕಪ್ಪು ಮಾಂಜಿಗೆ ವೈಜ್ಞಾನಿಕ ಹೆಸರು ಕೊಟ್ಟವನೂ ಬ್ಲೋಖನೇ.

ಬಣ್ಣವಿಲ್ಲದೆಯೂ ಒಂದು ಪುಸ್ತಕ ಇಷ್ಟೇ ತೂಕದ್ದಾಯಿತು. ಈಸ್ಟ್ ಇಂಡಿಯಾ ಕಂಪನಿಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದಲ್ಲಿ ಸ್ಥಳೀಯ ಚಿತ್ರಕಾರರಿಂದ ಮೀನುಗಳನ್ನು ಬರೆಯಿಸಿ, 1803ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿಸಿದ. ಬೆಸ್ತರು ಹೇಳಿದ ತೆಲುಗು ಹೆಸರುಗಳನ್ನೂ ಜೊತೆಗೆ ಕೊಟ್ಟ. ಅದರಲ್ಲಿನ ‘ಕನಗುರ್ತ’ ಎಂಬ ಮೀನಿನ ಚಿತ್ರವನ್ನು ಆಧರಿಸಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೆ 1816ರಲ್ಲಿ ಅದಕ್ಕೆ ಹೆಸರಿಟ್ಟ. ಮಂಗಳೂರು, ಮಲ್ಪೆಗಳ ಬಂಗುಡೆಯ ವೈಜ್ಞಾನಿಕ ಹೆಸರು ಇಂದಿಗೂ ರಾಸ್ಟ್ರೆಲ್ಲಿಜರ್ ಕನಗುರ್ತ. ಗೆರೆ ನಿಖರವಾಗಿದ್ದರೆ ಸಾಕು, ಬಣ್ಣ ಇಲ್ಲದಿದ್ದರೂ ಮೀನಿನ ಗುರುತು ಸಿಗುತ್ತದೆ ಎಂಬುದಕ್ಕೆ ರಸೆಲ್‌ನ ಪುಸ್ತಕಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಕಲಬುರಗಿ ಸೀಮೆಗೆ ಕಡಲಿಲ್ಲ, ಆದರೆ ಈ ಪರಂಪರೆ ಅಲ್ಲಿನ ನದಿಯನ್ನೂ ಮುಟ್ಟಿತು. ಸೇಡಂ, ಚಿತ್ತಾಪುರ ತಾಲ್ಲೂಕುಗಳಲ್ಲಿ ಹರಿಯುವ ಕಾಗಿಣಾ ಶಹಾಬಾದ್ ಬಳಿಯ ಹೊನಗುಂಟದಲ್ಲಿ ಭೀಮೆಯನ್ನು ಸೇರುತ್ತದೆ. ಚಿಂಚೋಳಿಯ ಮುಲ್ಲಾಮಾರಿಯ ನೀರೂ ಕೊನೆಗೆ ಭೀಮೆಗೇ. ಇದೇ ಭೀಮೆಯ ಮೇಲ್ಭಾಗದಲ್ಲಿ, ಪುಣೆ ಸುತ್ತಿನ ಹೊಳೆಗಳಲ್ಲಿ, ಸೇನಾಧಿಕಾರಿ ವಿಲಿಯಂ ಹೆನ್ರಿ ಸೈಕ್ಸ್ ಮೀನು ಸಂಗ್ರಹಿಸಿದ. ಅವನ ‘ದಖನ್ನಿನ ಮೀನುಗಳು’ 1841ರಲ್ಲಿ ಲಂಡನ್ ಪ್ರಾಣಿಶಾಸ್ತ್ರ ಸಂಘದ ಸಂಪುಟದಲ್ಲಿ ಚಿತ್ರಫಲಕಗಳೊಂದಿಗೆ ಬಂತು. ಖುದ್ರಿ, ಕೋಲಸ್, ಪೋಟೈಲ್ ಎಂದು ಜನ ಕರೆಯುತ್ತಿದ್ದ ಹೆಸರುಗಳನ್ನೇ ಅವನು ಲ್ಯಾಟಿನ್ ಹೆಸರಿನ ಪಕ್ಕದಲ್ಲಿ ಕೂರಿಸಿದ. ದಖನ್ನಿನ ಮಹಶೀರ್ ಇಂದಿಗೂ ಟಾರ್ ಖುದ್ರಿಯೇ.

ಅಷ್ಟರಲ್ಲಿ ತಾಮ್ರದ ಜಾಗಕ್ಕೆ ಕಲ್ಲು ಬಂದಿತ್ತು. ಜರ್ಮನಿಯ ಸೆನೆಫೆಲ್ಡರ್ 1790ರ ದಶಕದ ಕೊನೆಯಲ್ಲಿ ಕಂಡುಹಿಡಿದ ಶಿಲಾಮುದ್ರಣಕ್ಕೆ ಜೋಲನ್‌ಹೋಫನ್ನಿನ ನುಣುಪು ಸುಣ್ಣದಕಲ್ಲು ಬೇಕಾಗಿತ್ತು. ಜಿಡ್ಡಿನ ಮಸಿಯಿಂದ ಕಲ್ಲಿನ ಮೇಲೆ ನೇರವಾಗಿ ಬರೆದರಾಯಿತು, ಗೀರುವ ಶ್ರಮವಿಲ್ಲ. ಶಹಾಬಾದ್, ವಾಡಿಗಳ ಗಣಿಗಳಿಂದ ಮನೆಮನೆಯ ನೆಲಕ್ಕೆ ಬರುವ ಫರ್ಸಿಯೂ ಸುಣ್ಣದಕಲ್ಲೇ, ಅದೂ ಪ್ರಾಚೀನ ಕಡಲಿನ ತಳದಲ್ಲಿ ಪದರಪದರವಾಗಿ ಕೂತದ್ದೇ. ವಯಸ್ಸಿನಲ್ಲಿ ಮಾತ್ರ ಅಜಗಜಾಂತರ. ಸುಮಾರು 15 ಕೋಟಿ ವರ್ಷದ ಜೋಲನ್‌ಹೋಫನ್ ಕಲ್ಲಿನಲ್ಲಿ ಮೀನಿನ ಪಳೆಯುಳಿಕೆಗಳು ಸಿಗುತ್ತವೆ. ಶಹಾಬಾದ್ ಕಲ್ಲು ರೂಪುಗೊಂಡ ಕಾಲಕ್ಕೆ ಭೂಮಿಯ ಮೇಲೆ ಮೀನೇ ಹುಟ್ಟಿರಲಿಲ್ಲ.

ಮದ್ರಾಸ್ ಸೇನೆಯ ವೈದ್ಯ ಫ್ರಾನ್ಸಿಸ್ ಡೇ 1865ರಲ್ಲಿ ಮಲಬಾರಿನ ಮೀನುಗಳನ್ನು ಬಣ್ಣದ ಫಲಕಗಳಲ್ಲಿ ಕೊಟ್ಟ. 1875–78ರ ಅವನ ‘ಭಾರತದ ಮೀನುಗಳು’ ಹೊತ್ತಿಗೆ ಕೈಬಣ್ಣ ಬಿಟ್ಟುಹೋಗಿತ್ತು. ಶಿಲಾಮುದ್ರಣದ ಕಪ್ಪು ಚಿತ್ರಗಳೇ ಅದಕ್ಕೆ ಸಾಕಾದವು. ದಕ್ಷಿಣ ಕನ್ನಡದ ಹೊಳೆಗಳ ಎಟ್ರೋಪ್ಲಸ್ ಕೆನರೆನ್ಸಿಸ್ ಮೀನನ್ನು ಲೋಕಕ್ಕೆ ಪರಿಚಯಿಸಿದ್ದು ಈ ಗ್ರಂಥವೇ.

ಇಂದು ಹಳೆಯ ಚಿತ್ರಗಳ ಮಾರುಕಟ್ಟೆಯಲ್ಲಿ ಬ್ಲೋಖ್‌ನ ಫಲಕಗಳು ಬಿಡಿಬಿಡಿಯಾಗಿ, ಚೌಕಟ್ಟು ಹಾಕಿಸಿಕೊಂಡು ಬಿಕರಿಯಾಗುತ್ತವೆ. ಹಾಗೆ ಪುಸ್ತಕ ಹರಿದು ಮಾರುವುದು ನಷ್ಟದ ವ್ಯಾಪಾರ. ಮೀನು ಸಿಕ್ಕ ಊರು, ಕಳಿಸಿದವರ ಹೆಸರು ಎಲ್ಲವೂ ಉಳಿದ ಪುಟಗಳಲ್ಲಿರುತ್ತವೆ. ಬ್ಲೋಖ್, ರಸೆಲ್, ಡೇ ಅವರ ಪುಸ್ತಕಗಳ ಪೂರ್ಣ ಪುಟಗಳು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.