ಕಲಬುರಗಿಯ ತೊಗರಿ, ಕಮಲಾಪುರದ ಬಾಳೆ: ವಂಶವಾಹಿ ಅಭಿವ್ಯಕ್ತಿ ದತ್ತಾಂಶಕ್ಕೆ ಸಮಾನ ಪದವ್ಯವಸ್ಥೆಯ ಅಗತ್ಯ

ತೊಗರಿಯ ಜೀನೋಮಿನ ಕರಡು 2012ರಲ್ಲಿ ‘ನೇಚರ್ ಬಯೋಟೆಕ್ನಾಲಜಿ’ ಪತ್ರಿಕೆಯಲ್ಲಿ ಅಚ್ಚಾಯಿತು. ಹೈದರಾಬಾದಿನ ಬಳಿಯ ಪಟಾಂಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ ಮುಂದಾಳಾಗಿ ನಿಂತು ಮಾಡಿಸಿದ ಆ ಕೆಲಸಕ್ಕೆ ಆರಿಸಿಕೊಂಡದ್ದು ‘ಆಶಾ’ ತಳಿ. ಅದರಲ್ಲಿ ಗುರುತಿಸಲಾದ ವಂಶವಾಹಿಗಳು 48,680. ಐದು ವರ್ಷಗಳ ನಂತರ, 2017ರಲ್ಲಿ, ಅದೇ ಆಶಾ ತಳಿಯ ಬೇರೆ ಬೇರೆ ಭಾಗಗಳಿಂದ, ಬೇರೆ ಬೇರೆ ಬೆಳವಣಿಗೆಯ ಹಂತಗಳಿಂದ ತೆಗೆದ 30 ಮಾದರಿಗಳ ಅಭಿವ್ಯಕ್ತಿ ನಕ್ಷೆ ಹೊರಬಂತು. ಯಾವ ವಂಶವಾಹಿಗಳಿವೆ ಎಂಬುದು ಒಂದು ಪ್ರಶ್ನೆ; ಅವುಗಳಲ್ಲಿ ಯಾವುದು ಎಲ್ಲಿ, ಯಾವಾಗ, ಎಷ್ಟು ಸಕ್ರಿಯ ಎಂಬುದು ಇನ್ನೊಂದು. ಈ ಎರಡನೆಯ ಪ್ರಶ್ನೆಗೆ ಸಿಗುವ ಉತ್ತರದ ಬೆಲೆ ಮಾದರಿಯ ವಿವರಣೆಯನ್ನೇ ಅವಲಂಬಿಸಿದೆ. ಎಲೆಯಲ್ಲಿ ಮೌನವಾಗಿರುವ ವಂಶವಾಹಿ ಬೇರಿನಲ್ಲಿ ಚುರುಕಾಗಿರಬಹುದು. ಬೆಳಿಗ್ಗೆ ಇದ್ದ ಮಟ್ಟ ಸಂಜೆಗೆ ಇರದಿರಬಹುದು. ಸಂಖ್ಯೆಗಳು ಎಷ್ಟೇ ನಿಖರವಾಗಿದ್ದರೂ, ಅವು ಯಾವ ಗಿಡದ ಯಾವ ಭಾಗದವು ಎಂಬುದು ಸ್ಪಷ್ಟವಿಲ್ಲದಿದ್ದರೆ ಇನ್ನೊಬ್ಬ ಸಂಶೋಧಕನಿಗೆ ಅವುಗಳಿಂದ ಪ್ರಯೋಜನವಿಲ್ಲ.

ಈ ತೊಡಕನ್ನು ಜಗತ್ತು ಎದುರಿಸಿ ಕಾಲು ಶತಮಾನವಾಯಿತು. 1999ರಲ್ಲಿ ಕೇಂಬ್ರಿಜ್ ಬಳಿಯ ಯುರೋಪಿಯನ್ ಬಯೋಇನ್‌ಫರ್ಮ್ಯಾಟಿಕ್ಸ್ ಸಂಸ್ಥೆಯಲ್ಲಿ, ವಂಶವಾಹಿ ಅಭಿವ್ಯಕ್ತಿಯನ್ನು ಅಳೆಯುವ ಮೈಕ್ರೋಅರೇ ತಂತ್ರದ ಸಂಶೋಧಕರು ಸೇರಿ ‘ಎಂಜಿಇಡಿ’ ಎಂಬ ಬಳಗ ಕಟ್ಟಿದರು. 2001ರಲ್ಲಿ ಅವರು ಪ್ರಕಟಿಸಿದ ‘ಮಿಯಾಮಿ’ ಎಂಬ ಮಾನದಂಡ, ಒಂದು ಪ್ರಯೋಗದ ಬಗ್ಗೆ ಕನಿಷ್ಠ ಏನೇನು ಹೇಳಲೇಬೇಕು ಎಂಬುದನ್ನು ನಿಗದಿಪಡಿಸಿತು. ಯಾವ ಪದಗಳಲ್ಲಿ ಹೇಳಬೇಕು ಎಂಬುದನ್ನು ಅದು ನಿಗದಿಪಡಿಸಲಿಲ್ಲ. ಆ ಕೊರತೆ ತುಂಬಲು ಹುಟ್ಟಿದ್ದು ಎಂಜಿಇಡಿ ಆಂಟಾಲಜಿ. ಆಂಟಾಲಜಿ ಎಂದರೆ ಪದಕೋಶವಷ್ಟೇ ಅಲ್ಲ. ಪ್ರತಿ ಪರಿಕಲ್ಪನೆಗೂ ಅದರಲ್ಲಿ ಒಂದು ಸ್ಥಿರ ಗುರುತುಸಂಖ್ಯೆ, ಒಂದು ವ್ಯಾಖ್ಯೆ, ಮತ್ತು ‘ಇದು ಅದರ ಒಂದು ಬಗೆ’, ‘ಇದು ಅದರ ಭಾಗ’ ಎಂಬಂಥ ನಂಟುಗಳು ಇರುತ್ತವೆ. ಹೀಗಿರುವುದರಿಂದ ‘ಬೇರು’ ಎಂದು ಹುಡುಕಿದವನಿಗೆ ಪಾರ್ಶ್ವಬೇರಿನ ಮಾದರಿಗಳನ್ನೂ ಗಣಕವೇ ಹುಡುಕಿ ಕೊಡುತ್ತದೆ.

ಎಂಜಿಇಡಿಯವರ ಒಂದು ನಿರ್ಧಾರ ನನಗೆ ಇಂದಿಗೂ ಬಹಳ ವಿವೇಕದ್ದೆನಿಸುತ್ತದೆ. ಜೀವಜಗತ್ತಿನ ಎಲ್ಲ ಪದಗಳನ್ನೂ ತಾವೇ ಕಟ್ಟಲು ಅವರು ಹೊರಡಲಿಲ್ಲ. ಪ್ರಯೋಗದ ವಿನ್ಯಾಸ, ಮಾದರಿಯ ಮೂಲ, ಅದಕ್ಕೆ ಕೊಟ್ಟ ಉಪಚಾರ, ಇವುಗಳಿಗೆ ಚೌಕಟ್ಟು ಹಾಕಿಕೊಟ್ಟು, ಅಂಗರಚನೆಗೆ, ಪ್ರಭೇದದ ಹೆಸರಿಗೆ ಆಯಾ ಕ್ಷೇತ್ರದವರು ಕಟ್ಟಿದ ಆಕರಗಳತ್ತ ಬೊಟ್ಟುಮಾಡಿದರು. ಮುಂದೆ ಎಂಜಿಇಡಿ ಆಂಟಾಲಜಿಯ ಜಾಗವನ್ನು ಓಬಿಐ, ಇಎಫ್‌ಒ ಎಂಬ ಹೊಸ ಆಂಟಾಲಜಿಗಳು ತುಂಬಿದವು. ಮೈಕ್ರೋಅರೇಯ ಜಾಗಕ್ಕೆ ಆರ್‌ಎನ್‌ಎ ಅನುಕ್ರಮಣ ಬಂತು. ಆ ಕೆಲಸದ ಹಂಚಿಕೆ ಮಾತ್ರ ಉಳಿಯಿತು. ಕಲಬುರಗಿಯ ಬೆಳೆಗಳಿಗೆ ಬೇಕಾದದ್ದೂ ಅದೇ: ಇರುವ ಆಕರಗಳನ್ನು ಬಳಸುವುದು, ಇಲ್ಲಿಯದೇ ಆದ ಸಂಗತಿಗಳಿಗೆ ಮಾತ್ರ ಹೊಸ ಪದ ಸೇರಿಸುವುದು.

ಪ್ರಭೇದದ ಮಟ್ಟದಲ್ಲಿ ತೊಂದರೆಯಿಲ್ಲ. ಕಲಬುರಗಿ ನಗರದ ಮೋಮಿನಪುರದ ದಖನಿ ಮಾತಿನಲ್ಲಿ ತೂರ್, ಸುತ್ತಲ ಹಳ್ಳಿಗಳ ಕನ್ನಡದಲ್ಲಿ ತೊಗರಿ, ಸೇಡಂ ಗಡಿಯ ತೆಲುಗಿನಲ್ಲಿ ಕಂದಿ. ಮೂರೂ ಎನ್‌ಸಿಬಿಐ ವರ್ಗೀಕರಣದಲ್ಲಿ 3821 ಎಂಬ ಒಂದೇ ಸಂಖ್ಯೆಗೆ ಸೇರುತ್ತವೆ. ತೊಡಕು ಎದುರಾಗುವುದು ಮುಂದಿನ ಹೆಜ್ಜೆಯಲ್ಲಿ.

ಮೊದಲು ನೆಟೆ ರೋಗವನ್ನೇ ತೆಗೆದುಕೊಳ್ಳೋಣ. ಹೊಲದಲ್ಲಿ ಗಿಡ ನಿಂತಲ್ಲೇ ಒಣಗಿದರೆ ಜಿಲ್ಲೆಯ ರೈತರು ಅದನ್ನು ನೆಟೆ ಎನ್ನುತ್ತಾರೆ. ಹಾಗೆ ಒಣಗಲು ಕಾರಣ ಒಂದೇ ಅಲ್ಲ. ಫ್ಯುಸೇರಿಯಂ ಉಡಮ್ ಶಿಲೀಂಧ್ರದಿಂದ ಬರುವ ಸೊರಗು ರೋಗದಲ್ಲಿ ಕಾಂಡದ ಬುಡದಿಂದ ಮೇಲಕ್ಕೆ ನೇರಳೆ ಪಟ್ಟಿ ಏರುತ್ತದೆ, ಸೀಳಿದರೆ ನೀರು ಸಾಗಿಸುವ ನಾಳಗಳು ಕಪ್ಪಾಗಿರುತ್ತವೆ. ಒಣ ಬೇರು ಕೊಳೆಯಲ್ಲಿ ಬೇರು ಒಣಗಿ ಪೆಡಸಾಗಿ ಮುರಿಯುತ್ತದೆ. ಅದರ ಶಿಲೀಂಧ್ರ ಬೇರೆ, ಬಿಸಿ ಮತ್ತು ತೇವದ ಕೊರತೆ ಅದಕ್ಕೆ ಅನುಕೂಲ. ನೀರು ನಿಂತ ಹೊಲದಲ್ಲಿ ಕಾಣುವ ಫೈಟಾಫ್ತೊರ ಅಂಗಮಾರಿ ಇನ್ನೊಂದು. ಈ ಮೂರಕ್ಕೂ ಗಿಡದ ಪ್ರತಿಕ್ರಿಯೆ ಒಂದೇ ಆಗಿರಬೇಕಿಲ್ಲ. ‘ನೆಟೆ ತಗುಲಿದ ಬೇರು’ ಎಂಬ ಒಂದೇ ಟಿಪ್ಪಣಿಯಡಿ ಮೂರೂ ದತ್ತಾಂಶಕೋಶ ಸೇರಿದರೆ, ನಿರೋಧಕ ವಂಶವಾಹಿಗಾಗಿ ಹುಡುಕುವವರು ಬೇರೆ ಬೇರೆ ಯುದ್ಧಗಳ ವರದಿಗಳನ್ನು ಒಂದೆಂದು ಓದುತ್ತಾರೆ. ಒಣ ಬೇರು ಕೊಳೆಯ ಶಿಲೀಂಧ್ರಕ್ಕೇ ರೈಜೋಕ್ಟೋನಿಯ ಬಟಾಟಿಕೋಲ, ಮ್ಯಾಕ್ರೊಫೊಮಿನ ಫೇಸಿಯೊಲಿನ ಎಂಬ ಎರಡು ಹೆಸರುಗಳು ಪುಸ್ತಕಗಳಲ್ಲಿ ಓಡಾಡುತ್ತಿವೆ. ಆದ್ದರಿಂದ ರೋಗಕಾರಕದ ವರ್ಗೀಕರಣ ಸಂಖ್ಯೆ, ಅದನ್ನು ದೃಢಪಡಿಸಿದ ವಿಧಾನ, ರೋಗ ಹೊಲದಲ್ಲಿ ತಾನಾಗಿ ಬಂತೋ ಕುಂಡದಲ್ಲಿ ಸೋಂಕು ತಗುಲಿಸಲಾಯಿತೋ ಎಂಬ ಮಾತು, ಇವು ಮೂರು ಬೇರೆ ಬೇರೆ ಅಂಕಣಗಳಲ್ಲಿ ಇರಲೇಬೇಕು. ನೆಟೆ ಎಂಬ ಹೆಸರು ಬಿಟ್ಟುಹೋಗಬಾರದು. ರೈತ ಕಂಡ ಲಕ್ಷಣದ ದಾಖಲೆಯಾಗಿ ಅದಕ್ಕೆ ತನ್ನದೇ ಅಂಕಣ ಸಿಗಬೇಕು.

ಇನ್ನು ‘ಬೇರು’. ತೊಗರಿ ದ್ವಿದಳ ಬೆಳೆ, ಅದರ ಬೇರಿನಲ್ಲಿ ಸಾರಜನಕ ಕಟ್ಟುವ ಗಂಟುಗಳಿವೆ. ಗಂಟಿನ ಜೀವಕೋಶಗಳಲ್ಲಿ ಲೆಗ್‌ಹಿಮೋಗ್ಲೋಬಿನ್ ವಂಶವಾಹಿಗಳ ಅಭಿವ್ಯಕ್ತಿ ಬಹಳ ಎತ್ತರದಲ್ಲಿರುತ್ತದೆ. ಗಂಟು ಬಿಡಿಸದೆ ಅರೆದ ಬೇರಿಗೂ ಬಿಡಿಸಿ ಅರೆದ ಬೇರಿಗೂ ಇರುವ ವ್ಯತ್ಯಾಸವನ್ನು ರೋಗದ ಪರಿಣಾಮವೆಂದು ತಪ್ಪು ತಿಳಿಯುವುದು ಸುಲಭ. ಸಸ್ಯದ ಅಂಗಗಳನ್ನು, ಹಂತಗಳನ್ನು ಹೆಸರಿಸುವ ಪ್ಲಾಂಟ್ ಆಂಟಾಲಜಿಯಲ್ಲಿ ಬೇರಿಗೆ ಪಿಒ:0009005, ಬೀಜಕ್ಕೆ ಪಿಒ:0009010 ಎಂಬ ಗುರುತುಗಳಿವೆ. ಬೇರುಗಂಟಿಗೂ ಪ್ರತ್ಯೇಕ ಗುರುತಿದೆ. ಕಾಯಿಕೊರಕದ ಅಧ್ಯಯನದಲ್ಲೂ ಇದೇ ಎಚ್ಚರ ಬೇಕು. ‘ಕಾಯಿ’ ಎಂದು ಬರೆದ ಮಾದರಿಯಲ್ಲಿ ಸಿಪ್ಪೆ ಮಾತ್ರ ಇತ್ತೋ, ಒಳಗಿನ ಕಾಳೂ ಸೇರಿತ್ತೋ ಎಂಬುದು ತಿಳಿಯದಿದ್ದರೆ ಆ ಅಳತೆಗಳನ್ನು ಹೋಲಿಸಲಾಗದು.

ಗಿಡದ ವಯಸ್ಸಿನ ಲೆಕ್ಕವೂ ಮೇಲ್ನೋಟಕ್ಕೆ ಕಂಡಷ್ಟು ಸರಳವಲ್ಲ. ತೊಗರಿ ಹಗಲಿನ ಅವಧಿಗೆ ಸ್ಪಂದಿಸುವ ಬೆಳೆ, ಹಗಲು ಕಿರಿದಾದಂತೆ ಹೂವಿಗೆ ಬರುತ್ತದೆ. ಮುಂಗಾರು ತಡವಾಗಿ ಬಿತ್ತನೆ ಮುಂದೆ ಹೋದರೆ ಎಲೆ-ಕಾಂಡದ ಬೆಳವಣಿಗೆಯ ಅವಧಿ ಕುಗ್ಗುತ್ತದೆ. ‘ಬಿತ್ತಿದ 90ನೇ ದಿನ’ ಎಂಬುದು ಒಂದು ವರ್ಷ ಮೊಗ್ಗಿನ ಹಂತವಾದರೆ ಇನ್ನೊಂದು ವರ್ಷ ಹೂವಿನ ಹಂತವಾಗಬಹುದು. ದಿನದ ಲೆಕ್ಕವನ್ನು ಬರೆಯಬೇಕು, ಅದರ ಜೊತೆಗೆ ಬೆಳವಣಿಗೆಯ ಹಂತದ ಗುರುತನ್ನೂ ಬರೆಯಬೇಕು.

ಇಲ್ಲಿಯದೇ ಆದ ಬೇಸಾಯ ಪದ್ಧತಿಗಳಿಗೂ ಪದಗಳು ಬೇಕು. ಕವಲು ಹೆಚ್ಚಲೆಂದು ತೊಗರಿಯ ಕುಡಿ ಚಿವುಟುತ್ತಾರೆ. ಗಿಡದ ದೃಷ್ಟಿಯಿಂದ ಅದು ಗಾಯವೂ ಹೌದು, ತುದಿಯಿಂದ ಇಳಿದುಬರುವ ಆಕ್ಸಿನ್ ಎಂಬ ಹಾರ್ಮೋನಿನ ಹರಿವಿಗೆ ತಡೆಯೂ ಹೌದು. ಹೂ ಉದುರುವುದನ್ನು ತಡೆಯಲು ಸಿಂಪಡಿಸುವ, ರಾಯಚೂರು ಕೃಷಿ ವಿಶ್ವವಿದ್ಯಾಲಯದ ‘ಪಲ್ಸ್ ಮ್ಯಾಜಿಕ್’ನಲ್ಲಿ ಪೋಷಕಾಂಶಗಳ ಜೊತೆಗೆ ಬೆಳವಣಿಗೆ ನಿಯಂತ್ರಕವೂ ಇದೆ. ರೈತನ ಹೊಲದಿಂದ ಮಾದರಿ ತಂದವರು ಇವೆರಡನ್ನೂ ಕೇಳಿ ಬರೆದುಕೊಳ್ಳದಿದ್ದರೆ, ಹಾರ್ಮೋನಿಗೆ ಸ್ಪಂದಿಸುವ ವಂಶವಾಹಿಗಳ ಏರಿಳಿತಕ್ಕೆ ಅರ್ಥ ಹಚ್ಚುವಂತಿಲ್ಲ. ನನ್ನ ಮಟ್ಟಿಗೆ ಹೊಲದ ಪುಸ್ತಕವೇ ಆಂಟಾಲಜಿಯ ಮೊದಲ ಪುಟ. ಪ್ರಯೋಗಾಲಯದಲ್ಲಿ ಕೂತು ಆಮೇಲೆ ತುಂಬುವ ಅಂಕಣಗಳಲ್ಲಿ ನೆನಪು ಮತ್ತು ಊಹೆ ಬೆರೆಯುತ್ತವೆ.

ಬೆಳೆಗಳ ಗುಣಗಳನ್ನು ಹೆಸರಿಸಲು ಕ್ರಾಪ್ ಆಂಟಾಲಜಿ ಈಗಾಗಲೇ ಇದೆ. ಅಲ್ಲಿ ತೊಗರಿಗೆ ಸಿಒ 341, ಬಾಳೆಗೆ ಸಿಒ 325 ಎಂಬ ಪ್ರತ್ಯೇಕ ವಿಭಾಗಗಳಿವೆ. ಗುಣ, ಅದನ್ನು ಅಳೆಯುವ ವಿಧಾನ, ಅಳತೆಯ ಮಾನ ಎಂದು ಮೂರನ್ನೂ ಬೇರ್ಪಡಿಸುವುದು ಅದರ ವಿಶೇಷ. ಈ ಬೇರ್ಪಡಿಕೆಯ ಮಹತ್ವ ಮನಗಾಣಲು ಕಲಬುರಗಿಯಿಂದ ಕಮಲಾಪುರದವರೆಗೆ ಹೋದರೆ ಸಾಕು. ಭೌಗೋಳಿಕ ಸೂಚಿಕೆ ಪಡೆದ ಅಲ್ಲಿನ ಕೆಂಪು ಬಾಳೆಯನ್ನು ಹೊರಗೆ ಚಂದ್ರಬಾಳೆ, ಚೆಂಕದಳಿ, ಲಾಲ್ ಕೇಲಾ ಎಂಬ ಹೆಸರುಗಳ ಕೆಂಪು ಬಾಳೆ ಗುಂಪಿನೊಂದಿಗೆ ಸೇರಿಸಿ ಓದಬೇಕು. ಬಾಳೆ ಹಣ್ಣಾಗುವುದನ್ನು ಅಳೆಯಲು ಎಲ್ಲೆಡೆ ಬಳಸುವುದು 1ರಿಂದ 7ರವರೆಗಿನ ಸಿಪ್ಪೆಬಣ್ಣದ ಮಾನ. ಅದು ಹಸಿರಿನಿಂದ ಹಳದಿಗೆ ತಿರುಗುವ ಹಣ್ಣಿಗೆ ಹೊಂದಿದ್ದು. ಕಾಯಿಯಿರುವಾಗಲೇ ಕೆಂಪಾಗಿರುವ ಹಣ್ಣಿಗೆ ‘ಹಂತ 4’ ಎಂದು ಬರೆದರೆ ಅದು ಏನನ್ನೂ ಹೇಳುವುದಿಲ್ಲ. ಗುಣ ಅದೇ, ಹಣ್ಣಾಗುವಿಕೆ. ಅಳೆಯುವ ವಿಧಾನ ಮಾತ್ರ ತಿರುಳಿನ ಗಟ್ಟಿತನಕ್ಕೋ ಸಕ್ಕರೆಯ ಅಂಶಕ್ಕೋ ಬದಲಾಗಬೇಕು. ಎಥಿಲೀನ್ ಸಂಬಂಧಿ ವಂಶವಾಹಿಗಳನ್ನು ಕೆಂಪು ಬಾಳೆಯಲ್ಲೂ ಹಳದಿ ಬಾಳೆಯಲ್ಲೂ ಹೋಲಿಸಲು ಬೇರೆ ದಾರಿಯಿಲ್ಲ. ಕೆಂಪು ಬಾಳೆ ಆಗಾಗ ತಾನಾಗಿಯೇ ಹಸಿರು ರೂಪಕ್ಕೆ ಮರಳುತ್ತದೆ. ಹಾಗೆ ಮರಳಿದ ಗಿಡ ಬಣ್ಣದ ವಂಶವಾಹಿಗಳ ಅಧ್ಯಯನಕ್ಕೆ ಅಪರೂಪದ ಜೋಡಿ. ಅದನ್ನು ಬೇರೆ ತಳಿಯೆಂದು ನಮೂದಿಸಿದರೆ ಜೋಡಿಯೇ ಕಳೆದುಹೋಗುತ್ತದೆ.

ಕನ್ನಡದ ಪದಗಳಿಗೆ ಇದರಲ್ಲಿ ಜಾಗವಿದೆಯೇ ಎಂದು ಕೇಳುವವರಿಗೆ ಪ್ಲಾಂಟ್ ಆಂಟಾಲಜಿಯೇ ಉತ್ತರ. ಅದರ ಪದಗಳಿಗೆ ಸ್ಪ್ಯಾನಿಷ್ ಮತ್ತು ಜಪಾನಿ ಸಮಾನಪದಗಳನ್ನು ಜೋಡಿಸಲಾಗಿದೆ. ಸಂಖ್ಯೆ ಸ್ಥಿರ, ಹೆಸರು ಹಲವು. ತೊಗರಿ ಗಿಡ ಹೂ-ಕಾಯಿ ಬಿಡದಾಗುವ ಗೊಡ್ಡು ರೋಗ, ನೆಟೆ, ಕುಡಿ ಚಿವುಟುವುದು, ಇವೂ ಅದೇ ರೀತಿ ಸೇರಬಹುದು. ಹೊಲದಲ್ಲಿ ಮಾಹಿತಿ ಬರೆದುಕೊಳ್ಳುವ ವಿದ್ಯಾರ್ಥಿ ಕನ್ನಡದ ಪಟ್ಟಿಯಿಂದ ಆರಿಸಿದರೂ ದತ್ತಾಂಶಕೋಶಕ್ಕೆ ಹೋಗುವುದು ಅದೇ ಸಂಖ್ಯೆ.

ಫರೀದಾಬಾದಿನಲ್ಲಿ 2022ರ ನವೆಂಬರಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರ ಆರಂಭವಾಗಿದೆ. ಸಾರ್ವಜನಿಕ ಹಣದಲ್ಲಿ ಹುಟ್ಟಿದ ಜೈವಿಕ ದತ್ತಾಂಶಕ್ಕೆ ಈಗ ದೇಶದಲ್ಲೇ ಒಂದು ನೆಲೆಯಿದೆ. ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರ, ಗುಲಬರ್ಗಾ ವಿಶ್ವವಿದ್ಯಾಲಯ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ಮತ್ತು ಇಕ್ರಿಸ್ಯಾಟಿನ ಸಂಶೋಧಕರು ಒಟ್ಟಿಗೆ ಕೂತು, ತೊಗರಿ ಮತ್ತು ಕೆಂಪು ಬಾಳೆಗೆ ಮಾದರಿ ವಿವರಣೆಯ ಒಂದು ಸಮಾನ ನಮೂನೆಯನ್ನು ಸಿದ್ಧಪಡಿಸಬೇಕು. ಅದರಲ್ಲಿ ರೋಗಕಾರಕ, ಅಂಗ, ಹಂತ, ಬೇಸಾಯದ ಉಪಚಾರ ಇಷ್ಟಾದರೂ ಗುರುತುಸಂಖ್ಯೆಯೊಂದಿಗೆ ಇರಬೇಕು. ಮುಂದಿನ ಮುಂಗಾರಿನ ಬಿತ್ತನೆಗೆ ಮೊದಲು ಆ ನಮೂನೆ ಹೊಲಕ್ಕೆ ಇಳಿಯುವವರ ಕೈಯಲ್ಲಿರಲಿ.